ಊಟದ ಜೊತೆ ಜಗಳ ನಡೆದಿದೆಯಾ? ಫೋನಿನಲ್ಲೇ ಆಸರೆ ಹುಡುಕುವವರಿಗೆ ಒಂದು ಮಾರ್ಗದರ್ಶಿ

ನಮ್ಮ ಕಡೆ ಹುಡುಗಿಯೊಬ್ಬಳು ಎರಡು ಹೊತ್ತು ಊಟ ಬಿಟ್ಟರೆ "ವಾರ ಹಿಡಿದಾಳ" ಅನ್ನುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹೊಟ್ಟೆ ಬಿರಿಯುವಷ್ಟು ತಿಂದರೆ ಅದಕ್ಕೂ ಒಂದು ಬೈಗುಳ ಇದೆ. ಜಿಮ್‌ಗೆ ಹೋಗುವ ಹುಡುಗ ಮನೆಯ ರೊಟ್ಟಿ, ಅನ್ನ ಎರಡನ್ನೂ ಮುಟ್ಟದೆ ಬರೀ ಪೌಡರ್ ಕುಡಿದುಕೊಂಡಿದ್ದರೆ "ಬಾಡಿ ಮಾಡಾಕತ್ಯಾನ" ಎಂದು ಸುಮ್ಮನಾಗುತ್ತಾರೆ. ಇದು ಈಟಿಂಗ್ ಡಿಸಾರ್ಡರ್ ಎಂಬ ಕಾಯಿಲೆ ಇರಬಹುದು ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಒದ್ದಾಡುತ್ತಿರುವವರಿಗೂ ಹಾಗೇ ಅನ್ನಿಸಿರುತ್ತದೆ, ತನ್ನ ಬುದ್ಧಿಯೇ ಸರಿಯಿಲ್ಲ, ತನಗೆ ಹಿಡಿತವಿಲ್ಲ ಅಂತ.

ಈ ಬರಹ ಅಂಥವರಿಗೆ. ಅವರ ಗೆಳೆಯರಿಗೆ, ಅಕ್ಕ ತಂಗಿಯರಿಗೂ ಹೌದು. ಬಳ್ಳಾರಿ, ರಾಯಚೂರು, ಕೊಪ್ಪಳದ ಕೆಲವರು ಸೇರಿ ನಡೆಸುವ ಒಂದು ಸಣ್ಣ ವಾಟ್ಸಾಪ್ ಗುಂಪನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಅಲ್ಲಿ ಕಲಿತದ್ದನ್ನು ಹಂತ ಹಂತವಾಗಿ ಬರೆಯುತ್ತೇನೆ. ಗುಂಪಿನ ಕೆಲಸ ಕಷ್ಟದ ಹೊತ್ತಿನಲ್ಲಿ ಜೊತೆಗಿರುವುದು, ಡಾಕ್ಟರ ಬಾಗಿಲ ತನಕ ಕೈಹಿಡಿದು ಕರೆದೊಯ್ಯುವುದು. ಡಾಕ್ಟರ ಕೆಲಸ, ಡಯಟ್ ಹೇಳುವ ಕೆಲಸ ಗುಂಪಿನದಲ್ಲ. ಕೆಳಗೆ ಹೇಳುವುದೆಲ್ಲ ಈ ಮಾತಿನಿಂದಲೇ ಬಂದದ್ದು.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು

ಈಟಿಂಗ್ ಡಿಸಾರ್ಡರ್ ಅಂದರೆ ತಿನ್ನುವುದು, ತೂಕ, ಮೈಯ ಆಕಾರ ಇವುಗಳ ಯೋಚನೆಯೇ ದಿನವನ್ನೆಲ್ಲ ನುಂಗಿಹಾಕುವ ಕಾಯಿಲೆ. ಅನೊರೆಕ್ಸಿಯಾದಲ್ಲಿ ದಪ್ಪ ಆಗುತ್ತೇನೆ ಅನ್ನುವ ಭಯಕ್ಕೆ ಊಟ ಕಡಿಮೆಯಾಗುತ್ತಾ ಹೋಗುತ್ತದೆ. ಬುಲಿಮಿಯಾದಲ್ಲಿ ಒಮ್ಮೆಲೇ ತುಂಬಾ ತಿನ್ನುವುದು, ಆಮೇಲೆ ಅದನ್ನು ಹೇಗಾದರೂ ಕಳೆದುಕೊಳ್ಳಬೇಕು ಅನ್ನುವ ಒದ್ದಾಟ. ಬಿಂಜ್ ಈಟಿಂಗ್‌ನಲ್ಲಿ ತಿನ್ನುವುದು ಇರುತ್ತದೆ, ಕಳೆದುಕೊಳ್ಳುವ ಪ್ರಯತ್ನ ಇರುವುದಿಲ್ಲ. ತಿಂದ ಮೇಲಿನ ನಾಚಿಕೆ ಮಾತ್ರ ಹೇಳತೀರದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ ಬಿಂಜ್ ಈಟಿಂಗ್‌ಗೆ ಪ್ರತ್ಯೇಕ ಕಾಯಿಲೆ ಅಂತ ಜಾಗ ಸಿಕ್ಕಿತು. ತೂಕದ ಚಿಂತೆಯೇ ಇಲ್ಲದೆ, ವಾಸನೆ ಆಗದೆ, ಗಂಟಲಲ್ಲಿ ಸಿಕ್ಕಿಕೊಂಡೀತು ಅನ್ನುವ ಭಯಕ್ಕೆ ತಿನ್ನಲಾಗದವರೂ ಇದ್ದಾರೆ, ಅವರೂ ಈ ಪಟ್ಟಿಯಲ್ಲಿದ್ದಾರೆ.

ನೋಡಿ ಹೇಳಲು ಆಗುವುದಿಲ್ಲ. ತೆಳ್ಳಗಿರುವವರಿಗೇ ಬರಬೇಕು ಅಂತಿಲ್ಲ, ದಪ್ಪ ಇರುವವರಲ್ಲೂ ದಿನಗಟ್ಟಲೆ ಸರಿಯಾಗಿ ತಿನ್ನದೆ ಅಪಾಯದಲ್ಲಿರುವವರು ಇರುತ್ತಾರೆ. ಹುಡುಗರಿಗೂ ಬರುತ್ತದೆ, ಮದುವೆಯಾಗಿ ಮಕ್ಕಳಿರುವವರಿಗೂ ಬರುತ್ತದೆ. ಮನಸ್ಸಿನ ಕಾಯಿಲೆಗಳಲ್ಲಿ ಜೀವಕ್ಕೆ ತುಂಬಾ ಅಪಾಯ ತರುವವುಗಳಲ್ಲಿ ಅನೊರೆಕ್ಸಿಯಾ ಒಂದು.

ಇನ್ನೊಂದು ವಿಷಯ ಹೇಳಲೇಬೇಕು, ಯಾಕಂದರೆ ಗುಂಪಿಗೆ ಹೊಸದಾಗಿ ಬಂದವರು ಇದನ್ನು ಕೇಳಿ ಎಷ್ಟೋ ಹಗುರಾಗುತ್ತಾರೆ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟಾದ ಯುವಕರಿಗೆ, ಅವರು ಒಪ್ಪಿದ ಮೇಲೆ, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಏನಾಗುತ್ತದೆ ಎಂದು ನೋಡಿದರು. ಮೊದಲು ಊಟದ ಬಗ್ಗೆ ಯಾವ ತಕರಾರೂ ಇಲ್ಲದ ಆ ಯುವಕರಿಗೆ ಕನಸಿನಲ್ಲೂ ಊಟವೇ ಬರತೊಡಗಿತು. ಅಡುಗೆ ಪುಸ್ತಕ ಓದುತ್ತಾ ಕೂತರು, ಒಂದು ತುತ್ತನ್ನು ಎಷ್ಟೋ ಹೊತ್ತು ಎಳೆದಾಡಿದರು, ಸಿಡುಕಿದರು, ಗೆಳೆಯರಿಂದ ದೂರವಾದರು. ಮತ್ತೆ ಊಟ ಕೊಟ್ಟಾಗ ಕೆಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. ಅಂದರೆ ಇಡೀ ದಿನ ಊಟದ್ದೇ ಯೋಚನೆ ಬರುತ್ತಿದ್ದರೆ ಅದು ಹಸಿದ ಮಿದುಳು ಮಾಡುವ ಕೆಲಸ ಇರಬಹುದು. ನಿಮ್ಮ ಗುಣದ ದೋಷ ಅಲ್ಲ.

ಹಂತ ಒಂದು: ಗುಂಪು ಹುಡುಕುವ ಮೊದಲು ಮೈ ನೋಡಿಕೊಳ್ಳಿ

ಕೆಲವು ಲಕ್ಷಣಗಳಿಗೆ ಗುಂಪು, ಮಾತುಕತೆ ಯಾವುದೂ ಸಾಲದು. ತಲೆಸುತ್ತಿ ಬಿದ್ದರೆ, ಎದೆ ವಿಪರೀತ ಹೊಡೆದುಕೊಂಡರೆ ಅಥವಾ ಬಡಿತ ತಪ್ಪಿದಂತೆ ಅನ್ನಿಸಿದರೆ, ವಾಂತಿಯಲ್ಲಿ ರಕ್ತ ಕಂಡರೆ, ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮಾತು ತೊದಲಿದರೆ, ಕೈಕಾಲಿನ ಶಕ್ತಿ ಹೋದಂತಾದರೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಅದು ನೇರವಾಗಿ ಹೃದಯದ ಬಡಿತಕ್ಕೆ ಹೊಡೆತ ಕೊಡುತ್ತದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಮ್ಮ ಭಾಗದ ಏಪ್ರಿಲ್, ಮೇ ಬಿಸಿಲಲ್ಲಿ ಇದು ಇನ್ನೂ ಬೇಗ ಕೈಮೀರುತ್ತದೆ.

ಮನೆಯವರಿಗೆ ಒಂದು ಎಚ್ಚರಿಕೆ. ಬಹಳ ದಿನ ಸರಿಯಾಗಿ ತಿನ್ನದವರಿಗೆ "ಪಾಪ" ಎಂದು ಒಮ್ಮೆಲೇ ಹೊಟ್ಟೆತುಂಬ ತಿನ್ನಿಸಲು ಹೋಗಬೇಡಿ. ರಕ್ತದ ಫಾಸ್ಫೇಟ್ ದಿಢೀರನೆ ಕುಸಿದು ಜೀವಕ್ಕೆ ಅಪಾಯವಾಗಬಹುದು. ಊಟ ಮತ್ತೆ ಶುರು ಮಾಡುವುದನ್ನು ಡಾಕ್ಟರನ್ನು ಕೇಳಿಕೊಂಡೇ ಮಾಡಬೇಕು.

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಈಗಲೇ 14416 ಸಹಾಯವಾಣಿಗೆ ಫೋನ್ ಮಾಡಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ.

ಹಂತ ಎರಡು: ಒಬ್ಬ ಡಾಕ್ಟರ್, ಒಂದು ಫೋನ್ ನಂಬರ್

14416 ಅಂದರೆ ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೇಗೆ ಶುರುಮಾಡಲಿ ಎಂದು ಬಹಳ ಜನ ಕೇಳುತ್ತಾರೆ. ಇಷ್ಟು ಹೇಳಿದರೆ ಸಾಕು: "ನನಗೆ ಊಟದ ವಿಷಯದಲ್ಲಿ ತೊಂದರೆ ಇದೆ, ಮನೆಯಲ್ಲಿ ಹೇಳಿಲ್ಲ, ನಮ್ಮ ಊರು ಸಿಂಧನೂರು, ಹತ್ತಿರದಲ್ಲಿ ಯಾರನ್ನು ನೋಡಬೇಕು?" ಉಳಿದದ್ದನ್ನು ಅವರೇ ಕೇಳಿಕೊಳ್ಳುತ್ತಾರೆ.

ಎದುರು ಕೂತು ತೋರಿಸಲು ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಮೂರರಲ್ಲೂ ಮನೋರೋಗ ವಿಭಾಗ ಇದೆ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಕೊಪ್ಪಳದವರಿಗೆ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಬಸ್ ಹತ್ತುವ ಮೊದಲು ಆ ವಾರ ಬರುತ್ತಾರಾ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಅಂತಲೂ ಇರುತ್ತದೆ.

ನಮ್ಮದು ಹಿಂದುಳಿದ ಕಡೆ, ಇಲ್ಲಿ ಇದೆಲ್ಲ ಎಲ್ಲಿಂದ ಸಿಗಬೇಕು ಅನ್ನುವವರಿಗೆ ಒಂದು ಮಾತು. ಮನಸ್ಸಿನ ಕಾಯಿಲೆಗೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಔಷಧ ಸಿಗುವಂತೆ ಮಾಡಬಹುದಾ ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಇಲ್ಲಿನ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಆ ಕೆಲಸವನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಈಗ ನಮ್ಮ ಮೂರೂ ಜಿಲ್ಲೆಗಳಲ್ಲಿ ಅದು ಇದೆ. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು.

ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ. ಒಳಗೆ ಹೋದ ಮೇಲೆ ಬಾಯಿ ಕಟ್ಟಿಹೋಗುತ್ತದೆ, ಹೊರಗೆ ಜನ ಸಾಲುಗಟ್ಟಿ ನಿಂತಿರುತ್ತಾರೆ, ಡಾಕ್ಟರು "ತೂಕ ಸರಿ ಇದೆಯಲ್ಲಮ್ಮ, ಟಾನಿಕ್ ಬರೆದುಕೊಡ್ತೀನಿ" ಎಂದು ಕಳಿಸಿಬಿಡುವುದೂ ಉಂಟು. ಚೀಟಿಯಲ್ಲಿ ಯಾವಾಗಿನಿಂದ ತೊಂದರೆ, ವಾಂತಿ ಮಾಡಿಕೊಳ್ಳುವುದು ಇದೆಯಾ, ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ, ಮುಟ್ಟು ನಿಂತಿದೆಯಾ, ನಿದ್ದೆ ಹೇಗಿದೆ, ತಲೆಸುತ್ತು ಇದೆಯಾ ಅಂತ ಬರೆಯಿರಿ. ಕೊನೆಗೆ "ರಕ್ತ ಪರೀಕ್ಷೆ, ಇಸಿಜಿ ಬೇಕಾ ನೋಡಿ" ಎಂದು ಸೇರಿಸಿ. ಆ ಚೀಟಿಯನ್ನು ಸೀದಾ ಅವರ ಕೈಗೆ ಕೊಟ್ಟುಬಿಡಿ. ಗುಂಪಿನವರು ಮಾಡಬಹುದಾದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು, ಹಿಂದಿನ ರಾತ್ರಿ ಫೋನಿನಲ್ಲಿ ಕೂತು ಆ ಚೀಟಿ ಬರೆಸುವುದು.

ಊರಿಗೆಲ್ಲ ಗೊತ್ತಾದರೆ ಅನ್ನುವ ಭಯ ಇದ್ದದ್ದೇ, ಅದರಲ್ಲೂ ಮದುವೆ ಮಾತು ನಡೆದಿರುವ ಮನೆಯಲ್ಲಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ನಿಮ್ಮ ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡಬೇಕು ಎಂದು ಆಸ್ಪತ್ರೆಗೆ ಹೇಳುತ್ತದೆ. ಹದಿನೆಂಟು ತುಂಬದವರಾದರೆ ತಂದೆತಾಯಿಗೆ ತಿಳಿಸಲೇಬೇಕಾಗುತ್ತದೆ, ಅದನ್ನು ಮುಚ್ಚಿಟ್ಟು ಹೇಳುವುದಿಲ್ಲ.

ಹಂತ ಮೂರು: ಯಾವ ಗುಂಪಿಗೆ ಸೇರಬೇಕು, ಯಾವುದರಿಂದ ಓಡಬೇಕು

ಒಳ್ಳೆಯ ಗುಂಪನ್ನು ಗುರುತಿಸಲು ಒಂದು ವಾರ ಸುಮ್ನೆ ಓದಿ. ಯಾರು ನೋಡಿಕೊಳ್ಳುತ್ತಾರೆ ಎಂದು ಗೊತ್ತಿದೆಯಾ? ನಿಯಮ ಬರೆದು ಹಾಕಿದ್ದಾರಾ? ಯಾರಾದರೂ ಅಪಾಯದಲ್ಲಿದ್ದಾರೆ ಅನ್ನಿಸಿದಾಗ ಡಾಕ್ಟರ ಮಾತು ಬರುತ್ತದಾ? ಎರಡು ಹೊತ್ತು ಊಟ ಮಾಡಿದೆ ಎಂದವರಿಗೆ ಸಂತೋಷದ ಉತ್ತರ ಸಿಗುತ್ತದಾ? ಹೌದಾದರೆ ಉಳಿಯಿರಿ.

ಓಡಬೇಕಾದ ಗುಂಪುಗಳೂ ಹೊರಗಿನಿಂದ ಹೀಗೇ ಕಾಣುತ್ತವೆ, ಅದೇ ಕಷ್ಟ. ಅಲ್ಲೂ "ನಾವು ನಿನ್ನ ಜೊತೆಗಿದ್ದೀವಿ" ಅನ್ನುತ್ತಾರೆ, ಆದರೆ ಜೊತೆಗಿರುವುದು ಉಪವಾಸಕ್ಕೆ. ಯಾರು ಎಷ್ಟು ಕಡಿಮೆ ತಿಂದರು ಅನ್ನುವ ಪೈಪೋಟಿ, ಮೂಳೆ ಕಾಣುವ ಫೋಟೋ, ಮುಚ್ಚಿಡುವ ಉಪಾಯಗಳು. ಕಾಯಿಲೆಯನ್ನೇ ಸಾಧನೆ ಅಂತ ಹೊಗಳುವ ಇಂಥ ಜಾಗಗಳು ಇಂಟರ್ನೆಟ್‌ನಲ್ಲಿ ಬಹಳ ಹಿಂದಿನಿಂದಲೂ ಇವೆ. ಇನ್ನು "ಕೋಚ್" ಅಂತ ಹೇಳಿಕೊಂಡು ಹುಡುಗಿಯರಿಗೆ ಖಾಸಗಿಯಾಗಿ ಮೆಸೇಜ್ ಮಾಡಿ, ದಿನಾ ಮೈಯ ಫೋಟೋ ಕಳಿಸು ಅನ್ನುವವರಿದ್ದಾರೆ. ಅವರಿಗೆ ಉತ್ತರ ಕೊಡಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಲಾಕ್ ಮಾಡಿ. ಫೋಟೋ ಕಳಿಸಿಬಿಟ್ಟಿದ್ದರೆ, ಬೆದರಿಸುತ್ತಿದ್ದರೆ, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಮಕ್ಕಳಾದರೆ ಮಕ್ಕಳ ಸಹಾಯವಾಣಿ 1098. ತಪ್ಪು ಕೇಳಿದವರದು, ಕಳಿಸಿದವರದಲ್ಲ. ಪೌಡರ್, ಚಹಾ, ತೂಕ ಇಳಿಸುವ ಚಾಲೆಂಜ್ ಮಾರುವವರು ಅಡ್ಮಿನ್ ಆಗಿರುವ ಗುಂಪಿನಿಂದಲೂ ಹೊರಗೆ ಬನ್ನಿ.

ಇಂಗ್ಲಿಷ್ ಓದಬಲ್ಲವರಿಗೆ ಹೊರದೇಶದ ಕೆಲವು ಸಂಸ್ಥೆಗಳು ಉಪಯೋಗಕ್ಕೆ ಬರುತ್ತವೆ. ಅಮೆರಿಕದ ಎಎನ್ಎಡಿ 1976ರಿಂದ ಇದೆ, ಇದೇ ಕಷ್ಟ ದಾಟಿದವರು ನಡೆಸುವ ಉಚಿತ ಆನ್‌ಲೈನ್ ಗುಂಪುಗಳು ಅದರಲ್ಲಿವೆ. ಅಲ್ಲಿನ ಸಂಜೆ ನಮಗೆ ಬೆಳಗಿನ ಜಾವ ಅನ್ನುವುದು ನೆನಪಿರಲಿ, ಬೇರೆ ದೇಶದವರನ್ನು ಸೇರಿಸಿಕೊಳ್ಳುತ್ತಾರಾ ಎಂದು ಮೊದಲೇ ಬರೆದು ಕೇಳಿ. ಇಂಗ್ಲೆಂಡಿನ ಬೀಟ್ ಸಂಸ್ಥೆಯ ಪುಟಗಳಲ್ಲಿ ಓದಲು ಒಳ್ಳೆಯ ಮಾಹಿತಿ ಇದೆ. ಮಕ್ಕಳಿಗೆ ಈ ಕಾಯಿಲೆ ಇರುವ ತಂದೆತಾಯಿಗಳಿಗಾಗಿ ತಂದೆತಾಯಿಗಳೇ ಕಟ್ಟಿದ ಫೀಸ್ಟ್ ಅನ್ನುವ ಸಂಸ್ಥೆ ಇದೆ.

ಮನುಷ್ಯರ ಬದಲು ಚಾಟ್‌ಬಾಟ್ ಜೊತೆ ಮಾತಾಡುವವರು ಈಗ ಜಾಸ್ತಿ. ರಾತ್ರಿ ಎರಡು ಗಂಟೆಗೆ ಅದೊಂದೇ ಎಚ್ಚರ ಇರುತ್ತದೆ, ಅರ್ಥವಾಗುತ್ತದೆ. ಆದರೆ 2023ರಲ್ಲಿ ಅಮೆರಿಕದ ನೀಡಾ ಎಂಬ ಈಟಿಂಗ್ ಡಿಸಾರ್ಡರ್ ಸಂಸ್ಥೆಯೇ ಇಟ್ಟಿದ್ದ ಟೆಸ್ಸಾ ಅನ್ನುವ ಚಾಟ್‌ಬಾಟ್ ಸಹಾಯ ಕೇಳಿ ಬಂದವರಿಗೆ ತೂಕ ಇಳಿಸುವ ಸಲಹೆ ಕೊಟ್ಟಿತು, ಅದನ್ನು ತೆಗೆದುಹಾಕಬೇಕಾಯಿತು. ಇದೇ ಕಾಯಿಲೆಗೆಂದು ಇಟ್ಟ ಬಾಟೇ ಹಾಗೆ ಮಾಡಿತು. ಊಟ, ತೂಕದ ಪ್ರಶ್ನೆಯನ್ನು ಬಾಟ್‌ಗೆ ಕೇಳಬೇಡಿ. ರಾತ್ರಿ ಎರಡಕ್ಕೂ 14416 ಎತ್ತುತ್ತಾರೆ.

ಹಂತ ನಾಲ್ಕು: ಫೋನ್ ಸರಿಮಾಡಿಕೊಳ್ಳಿ

ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ. ಗಂಗಾವತಿಯಲ್ಲಿ ಕೂತು ಸೇರಿದ ಗುಂಪಿನಲ್ಲಿ ನಿಮ್ಮ ಕಾಲೇಜಿನವರೇ ಇರಬಹುದು. ಅದು ಬೇಡ ಅನ್ನುವವರು ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿ, ಬೇರೆ ಹೆಸರು ಇಟ್ಟುಕೊಂಡು ಸೇರಬಹುದು. ವಾಟ್ಸಾಪ್‌ನಲ್ಲೇ ಇರುವುದಾದರೆ ಸೆಟ್ಟಿಂಗ್ಸ್‌ನ ಪ್ರೈವೆಸಿಗೆ ಹೋಗಿ, ಯಾರು ಬೇಕಾದರೂ ನಿಮ್ಮನ್ನು ಗುಂಪಿಗೆ ಎಳೆದು ಹಾಕದಂತೆ ಮಾಡಿ. ಪ್ರೊಫೈಲ್ ಫೋಟೋ ಪರಿಚಯದವರಿಗೆ ಮಾತ್ರ ಕಾಣಲಿ.

ನಮ್ಮಲ್ಲಿ ಒಂದೇ ಫೋನನ್ನು ಮನೆಮಂದಿ ಎಲ್ಲ ಬಳಸುವುದು ಮಾಮೂಲು, ಅಣ್ಣ ತಂಗಿಯ ಫೋನ್ ತೆಗೆದು ನೋಡುವುದೂ ಮಾಮೂಲು. ಚಾಟ್ ಲಾಕ್ ಹಾಕಿ, ನೋಟಿಫಿಕೇಷನ್‌ನಲ್ಲಿ ಮೆಸೇಜ್ ಕಾಣದಂತೆ ಮಾಡಿ. ಗುಂಪಿನ ಹೆಸರು "ಸಂಜೆ ಮಾತು" ಅಂತಲೋ ಏನೋ ಸಾಧಾರಣವಾಗಿರಲಿ. ತಾನೇ ಅಳಿಸಿಹೋಗುವ ಮೆಸೇಜ್‌ನ ಸೌಲಭ್ಯವನ್ನು ಏಳು ದಿನಕ್ಕೆ ಇಡಬಹುದು. ಆದರೂ ಯಾರಾದರೂ ಸ್ಕ್ರೀನ್‌ಶಾಟ್ ತೆಗೆಯಬಹುದು, ಆದ್ದರಿಂದ ಆಸ್ಪತ್ರೆಯ ಕಾಗದ, ಮನೆಯ ವಿಳಾಸ ಗುಂಪಿಗೆ ಹಾಕಬೇಡಿ.

ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎರಡರಲ್ಲೂ ತೂಕ ಇಳಿಸುವ ವಿಡಿಯೋ ಬಂದಾಗಲೆಲ್ಲ "ಆಸಕ್ತಿ ಇಲ್ಲ" ಒತ್ತಿ. ಒತ್ತುತ್ತಾ ಹೋದರೆ ಅಂಥವು ಕಡಿಮೆಯಾಗಬಹುದು.

ಹಂತ ಐದು: ಕನ್ನಡದಲ್ಲಿ ಗುಂಪು ಸಿಗದಿದ್ದರೆ ಕಟ್ಟುವುದು ಹೇಗೆ

ಚಿಕ್ಕದಾಗಿರಲಿ. ಎಲ್ಲರ ಹೆಸರು ಎಲ್ಲರಿಗೂ ನೆನಪಿರುವಷ್ಟು ಜನ ಸಾಕು, ಅದಕ್ಕಿಂತ ಜಾಸ್ತಿ ಆದರೆ ಕಷ್ಟದಲ್ಲಿರುವವರ ಮೆಸೇಜ್ ಕೆಳಗೆ ಹೋಗಿಬಿಡುತ್ತದೆ. ನೋಡಿಕೊಳ್ಳುವವರು ಇಬ್ಬರಾದರೂ ಬೇಕು. ಅವರಲ್ಲಿ ಒಬ್ಬರು ಕಾಯಿಲೆ ದಾಟಿ ಸಾಕಷ್ಟು ಕಾಲ ಗಟ್ಟಿಯಾಗಿ ನಿಂತವರಾಗಿರಬೇಕು. ಈಗ ಒದ್ದಾಡುತ್ತಿರುವವರ ಮೇಲೆ ಆ ಹೊರೆ ಹಾಕುವುದು ಅನ್ಯಾಯ. ಹತ್ತಿರದ ಒಬ್ಬ ಕೌನ್ಸೆಲರ್ ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಒಬ್ಬರ ನಂಬರ್ ಅಡ್ಮಿನ್ ಹತ್ತಿರ ಇರಲಿ.

ಸೇರುವಾಗಲೇ ಪ್ರತಿಯೊಬ್ಬರಿಂದ ಮೂರು ವಿಷಯ ಕೇಳಿಟ್ಟುಕೊಳ್ಳಿ: ಯಾವ ಊರು, ಹತ್ತಿರದ ಆಸ್ಪತ್ರೆ ಯಾವುದು, ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು. ಅವರ ಒಪ್ಪಿಗೆ ಪಡೆದೇ ಕೇಳಿ, ಗುಂಪಿನಲ್ಲಿ ಹಾಕದೆ ಅಡ್ಮಿನ್‌ಗಳ ಹತ್ತಿರ ಮಾತ್ರ ಇಡಿ. ಜೀವಕ್ಕೆ ಅಪಾಯ ಅನ್ನಿಸಿದರೆ ಆ ನಂಬರಿಗೆ ಫೋನ್ ಮಾಡುತ್ತೇವೆ, ಗುಟ್ಟು ಇಡುವುದಿಲ್ಲ ಎಂದು ಮೊದಲ ದಿನವೇ ಹೇಳಿ. ಕೆಲವರು ಇದನ್ನು ಕೇಳಿ ಸೇರುವುದಿಲ್ಲ. ಆದರೂ ಈ ನಿಯಮ ಬಿಡಬೇಡಿ.

ಹದಿನೆಂಟು ತುಂಬದವರನ್ನು ದೊಡ್ಡವರ ಗುಂಪಿಗೆ ಸೇರಿಸಬೇಡಿ. ಅವರನ್ನು ಒಬ್ಬ ಟೀಚರ್, ಅತ್ತೆ, ಚಿಕ್ಕಮ್ಮ, ಯಾರಾದರೂ ನಂಬುವ ದೊಡ್ಡವರ ಜೊತೆ ಸೇರಿಸಿ ಡಾಕ್ಟರ ಹತ್ತಿರ ಕಳಿಸುವುದೇ ಸರಿ.

ನಿಯಮಗಳಲ್ಲಿ ಮೊದಲನೆಯದು, ಅಂಕಿ ಬೇಡ. ತೂಕ, ಅಳತೆ, ಕ್ಯಾಲೊರಿ, ಎಷ್ಟು ದಿನದ ಉಪವಾಸ, ಎಷ್ಟು ಹೊತ್ತು ನಡೆದೆ ಯಾವುದೂ ಬೇಡ. ಒಬ್ಬರಿಗೆ ಅದು ಬರೀ ಮಾಹಿತಿ, ಇನ್ನೊಬ್ಬರಿಗೆ ಅದು ಪಂದ್ಯ. ಮೈಯ ಫೋಟೋ ಬೇಡ, "ಮೊದಲು, ಆಮೇಲೆ" ಅನ್ನುವ ಜೋಡಿ ಫೋಟೋ ಅಂತೂ ಬೇಡವೇ ಬೇಡ. ಏನು ಮಾಡಿಕೊಂಡೆ ಎಂದು ಹೇಳಬಹುದು, ಹೇಗೆ ಮಾಡಿಕೊಂಡೆ ಎಂದು ವಿವರಿಸಬಾರದು. ಮಾತ್ರೆಗಳ ಹೆಸರು ಬೇಡ. ಭಾರವಾದ ವಿಷಯ ಬರೆಯುವ ಮುಂಚೆ "ಇದು ಭಾರ ಇದೆ, ಆಗದವರು ಬಿಡಿ" ಎಂದು ಒಂದು ಸಾಲು ಹಾಕಿ, ಕೆಳಗೆ ಜಾಗ ಬಿಟ್ಟು ಬರೆಯಿರಿ.

ಬಳ್ಳಾರಿಯಲ್ಲಿ ಮನೆಮಾತು ತೆಲುಗು, ರಾಯಚೂರಿನಲ್ಲಿ ಉರ್ದು ಇರುವವರೂ ಗುಂಪಿಗೆ ಬರುತ್ತಾರೆ. ಟೈಪ್ ಮಾಡಲು ಬಾರದವರು ಇರುತ್ತಾರೆ. ವಾಯ್ಸ್ ಮೆಸೇಜ್ ಇರಲಿ, ಯಾವ ಭಾಷೆಯಲ್ಲಾದರೂ ಮಾತಾಡಲಿ. ಅಳುವಾಗ ಜನ ಮನೆಮಾತಿನಲ್ಲೇ ಅಳುತ್ತಾರೆ.

ಹಂತ ಆರು: ಬರೆಯುವುದು, ಉತ್ತರ ಕೊಡುವುದು

ಎಲ್ಲಕ್ಕಿಂತ ಜಾಸ್ತಿ ಕಲಿಯಬೇಕಾದದ್ದು ಇಲ್ಲಿ. ಮೊದಲ ಸಲ ಬರೆಯುವವರು ದೊಡ್ಡ ಕತೆ ಹೇಳಬೇಕಾಗಿಲ್ಲ. "ನಾನು ಹೊಸಬಳು, ಸದ್ಯಕ್ಕೆ ಓದ್ತಾ ಇರ್ತೀನಿ" ಸಾಕು. ಕಷ್ಟ ಬಂದಾಗ ಏನು ಬೇಕು ಎಂದು ಬರೆಯಿರಿ. ಸುಮ್ನೆ ಕೇಳಿಸಿಕೊಳ್ಳಬೇಕಾ, ಉಪಾಯ ಬೇಕಾ, ಫೋನ್ ಮಾಡಬೇಕಾ?

ಉತ್ತರ ಕೊಡುವವರಿಗೆ ಒಂದು ಉದಾಹರಣೆ. ಒಬ್ಬಳು ಬರೆಯುತ್ತಾಳೆ: "ಅಕ್ಕಾ, ಇವತ್ತ ತಾಟಿನ ಮುಂದ ಕುಂತೀನಿ, ತಿನ್ನಾಕ ಆಗವಲ್ದು, ಅವ್ವ ಒಂದ ಸವನೆ ಬೈಯಾಕತ್ತಾಳ." ಇದಕ್ಕೆ "ಅನ್ನ ಪರಬ್ರಹ್ಮ, ತಿನ್ನದೆ ಇದ್ದರೆ ಹೇಗೆ" ಅನ್ನುವ ಉತ್ತರ ಅವಳಿಗೆ ಮನೆಯಲ್ಲೇ ಸಿಕ್ಕಿದೆ. "ಎಷ್ಟು ಜನಕ್ಕೆ ಊಟ ಇಲ್ಲ ಗೊತ್ತಾ" ಅನ್ನುವುದೂ ಬೇಡ, ಅದು ಅವಳಿಗೆ ಗೊತ್ತು, ಗೊತ್ತಿರುವುದರಿಂದಲೇ ನಾಚಿಕೆ. ಹೀಗೆ ಬರೆಯಬಹುದು: "ಇದ್ದೀನಿ ನೋಡವಾ, ಫೋನ್ ಕೈಯಾಗ ಐತಿ. ಬೈಯೋ ಹೊತ್ತಿನ್ಯಾಗ ತಿನ್ನೋದು ಕಷ್ಟನ. ಬೇಕಾದ್ರ ತಾಟ ತಗೊಂಡು ಬ್ಯಾರೆ ಕಡೆ ಕೂಡು, ನಾನೂ ಈಗ ಉಣ್ಣಾಕ ಕುಂದರ್ತೀನಿ, ಕಾಲ್ ಮಾಡ್ಲೇನು?" ಇದರಲ್ಲಿ ಬುದ್ಧಿಮಾತು ಒಂದೂ ಇಲ್ಲ.

ಮೈಯನ್ನು ಹೊಗಳುವುದೂ ಬೇಡ. "ನೀನು ಎಷ್ಟು ತೆಳ್ಳಗಿದ್ದೀಯ, ನಿನಗ್ಯಾಕೆ ಚಿಂತೆ" ಅಂದರೆ ಕಾಯಿಲೆಗೆ ಬಹುಮಾನ ಕೊಟ್ಟಂತೆ. ಚೇತರಿಸಿಕೊಳ್ಳುತ್ತಿರುವವರಿಗೆ "ಈಗ ಮುಖ ತುಂಬ್ಯಾದ, ಚಲೋ ಕಾಣ್ತಿ" ಅಂದರೆ, ಹೇಳಿದವರ ಮನಸ್ಸು ಒಳ್ಳೆಯದೇ ಇದ್ದರೂ ಅವರ ಕಿವಿಗೆ ಬೀಳುವುದು "ದಪ್ಪ ಆಗಿದ್ದಿ" ಅಂತಲೇ. ಅದರ ಬದಲು ಅವರು ಮಾಡಿದ ಕೆಲಸ ಹೇಳಿ: ನೀನು ಇವತ್ತು ಡಾಕ್ಟರ ಹತ್ತಿರ ಹೋದೆ, ನಿನ್ನೆ ನನಗೆ ಫೋನ್ ಮಾಡಿದೆ, ಬಹಳ ದಿನದ ಮೇಲೆ ನಕ್ಕೆ.

ಜಾರಿ ಬಿದ್ದೆ, ಮತ್ತೆ ಹಾಗೇ ಆಯ್ತು ಎಂದು ಯಾರಾದರೂ ಬರೆದರೆ ಕಾರಣ ಕೆದಕಬೇಡಿ. "ಮುಂದಿನ ಊಟ ಯಾವುದು, ಎಷ್ಟು ಗಂಟೆಗೆ?" ಎಂದು ಕೇಳಿ. ತಪ್ಪಿದ್ದಕ್ಕೆ ಶಿಕ್ಷೆಯಾಗಿ ಮುಂದಿನ ಊಟ ಬಿಡುವುದರಿಂದಲೇ ಹಸಿವು ಜೋರಾಗಿ ಮತ್ತೆ ವಿಪರೀತ ತಿನ್ನುವ ಚಕ್ರ ಸುತ್ತುತ್ತದೆ. ಅದನ್ನು ಮುರಿಯುವುದು ಮುಂದಿನ ಮಾಮೂಲು ಊಟ.

ಹಂತ ಏಳು: ಫೋನಿನಲ್ಲಿ ಜೊತೆಗೆ ಊಟ

ನಮ್ಮ ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಇದು ಅನ್ನುವುದು ನನ್ನ ಅಭಿಪ್ರಾಯ. ಇಬ್ಬರು ಒಂದು ಹೊತ್ತು ನಿಗದಿ ಮಾಡಿಕೊಂಡು, ಕ್ಯಾಮೆರಾ ಆಫ್ ಮಾಡಿ, ಅರ್ಧ ಗಂಟೆ ಮಾತಾಡುತ್ತಾ ಊಟ ಮಾಡುವುದು. ತಾಟಿನಲ್ಲಿ ಏನಿದೆ, ಎಷ್ಟಿದೆ ಎಂದು ಕೇಳುವಂತಿಲ್ಲ. ಕರೆಂಟು ಹೋದದ್ದು, ಪರೀಕ್ಷೆ, ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರಾ, ಇಂಥ ಮಾತು. ಡಾಕ್ಟರೋ ಡಯಟೀಷಿಯನ್ನೋ ಊಟದ ಪಟ್ಟಿ ಕೊಟ್ಟಿದ್ದರೆ ಅದು ಅವರಿಬ್ಬರ ನಡುವಿನದು. ಅದು ಜಾಸ್ತಿಯಾಯಿತು, ಕಡಿಮೆಯಾಯಿತು ಎಂದು ನಾವು ಹೇಳಬಾರದು.

ಊಟ ಮುಗಿದ ತಕ್ಷಣ ಫೋನ್ ಇಡಬೇಡಿ. ಆಮೇಲಿನ ಒಂದು ಗಂಟೆ ಬಹಳ ಜನಕ್ಕೆ ಊಟಕ್ಕಿಂತ ಕಷ್ಟ. ಆ ಹೊತ್ತಿಗೆ ಒಂದು ಕೆಲಸ ಇಟ್ಟುಕೊಳ್ಳಿ, ಕೈಗೆ ಮೆಹಂದಿ ಹಾಕಿಕೊಳ್ಳುವುದು, ಹಾಡು ಕೇಳುವುದು, ಬಟ್ಟೆ ಮಡಚುವುದು, ಹೊರಗೆ ಕಟ್ಟೆಯ ಮೇಲೆ ಜನರ ನಡುವೆ ಕೂರುವುದು. ಒಬ್ಬರೇ ಬಚ್ಚಲಿಗೆ ಹೋಗುವ ಸೆಳೆತ ಇರುವವರು ಮೊದಲೇ ಹೇಳಿಟ್ಟರೆ ಜೊತೆಗಾರರು ಆ ಹೊತ್ತಿಗೆ ಮಾತು ಎಳೆಯುತ್ತಾರೆ.

ಹಂತ ಎಂಟು: ಹಬ್ಬ, ಜಾತ್ರೆ, ಉಪವಾಸಕ್ಕೆ ಮುಂಚೆ ತಯಾರಿ

ನಾಗರ ಪಂಚಮಿಗೆ ಮನೆಗೆ ಬಂದ ಹೆಣ್ಣುಮಕ್ಕಳ ಮುಂದೆ ಶೇಂಗಾ ಉಂಡಿ, ಎಳ್ಳಿನ ಉಂಡಿ, ರವೆ ಉಂಡಿ ಇಡುತ್ತಾರೆ, ಅದೇ ಬಾಯಲ್ಲಿ "ಎಷ್ಟ ಸೊರಗಿದಿ" ಅಥವಾ "ದಪ್ಪ ಆಗಿ ಬಿಡು" ಅನ್ನುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಸಾಲಾಗಿ ಕೂತು ಉಣ್ಣಬೇಕು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಹಳ್ಳಿಹಳ್ಳಿಯಿಂದ ಬಂದ ರೊಟ್ಟಿ, ಮಾದಲಿ. ಎಲ್ಲರಿಗೂ ಸಂತೋಷದ ಈ ದಿನಗಳು ಕಾಯಿಲೆಯವರಿಗೆ ವಾರದ ಮುಂಚಿನಿಂದಲೇ ನಿದ್ದೆ ಕೆಡಿಸುತ್ತವೆ.

ಹಬ್ಬಕ್ಕೆ ಮೂರು ದಿನ ಮುಂಚೆ ಗುಂಪಿನಲ್ಲಿ ಕೂತು ಯೋಜನೆ ಮಾಡಿ. ಯಾರ ಪಕ್ಕ ಕೂರುತ್ತೀರಿ? ಮೈಯ ಬಗ್ಗೆ ಮಾತು ಬಂದರೆ ಏನು ಹೇಳುತ್ತೀರಿ? "ಅದು ಇರಲಿ ಅತ್ತಿ, ನಿಮ್ಮ ಮಂಡಿ ನೋವು ಹ್ಯಾಂಗದ?" ಅನ್ನುವುದು ಕೆಲಸ ಮಾಡುತ್ತದೆ. ಹೊರಗೆ ಬಂದು ಮೆಸೇಜ್ ಮಾಡಲು ಯಾರು ಫೋನಿನಲ್ಲಿರುತ್ತಾರೆ? ಹಬ್ಬ ಇದೆ ಎಂದು ಬೆಳಗಿನ ಊಟ ಬಿಡಬೇಡಿ, ಅದು ಸಂಜೆಗೆ ತಿರುಗಿ ಬೀಳುತ್ತದೆ.

ಉಪವಾಸದ ವಿಷಯ ಸೂಕ್ಷ್ಮ, ಆದರೂ ನೇರವಾಗಿ ಹೇಳುತ್ತೇನೆ. ಶ್ರಾವಣ ಸೋಮವಾರ, ಏಕಾದಶಿ, ನವರಾತ್ರಿ, ರೋಜಾ, ಯಾವುದೇ ಆಗಲಿ, ಈ ಕಾಯಿಲೆ ಇರುವವರಿಗೆ ಉಪವಾಸ ಅಪಾಯ. ಭಕ್ತಿ ಎಲ್ಲಿ ಮುಗಿಯಿತು, ಕಾಯಿಲೆ ಎಲ್ಲಿ ಶುರುವಾಯಿತು ಎಂದು ಅವರಿಗೇ ತಿಳಿಯುವುದಿಲ್ಲ. ಕಾಯಿಲೆ ಇರುವವರಿಗೆ ರೋಜಾದಿಂದ ವಿನಾಯಿತಿ ಇದೆ ಎಂದು ಕುರಾನಿನಲ್ಲೇ ಇದೆ. ನಮ್ಮ ಹಿರಿಯರೂ ಜ್ವರ ಬಂದವರಿಗೆ, ಬಾಣಂತಿಗೆ ಉಪವಾಸ ಬೇಡ ಅನ್ನುತ್ತಿದ್ದರಲ್ವಾ? ಡಾಕ್ಟರ ಬಾಯಿಂದ ಮನೆಯವರಿಗೆ ಒಂದು ಮಾತು ಹೇಳಿಸಿದರೆ ಜಗಳ ತಪ್ಪುತ್ತದೆ. ಪೂಜೆ ಮಾಡಿ, ಹೂ ಕಟ್ಟಿ, ದಾನ ಮಾಡಿ, ಊಟ ಬಿಡಬೇಡಿ.

ಹಂತ ಒಂಬತ್ತು: ಮನೆಯವರಿಗೆ ಹೇಳುವುದು

ಹದಿಹರೆಯದವರ ಅನೊರೆಕ್ಸಿಯಾಕ್ಕೆ ಮನೆಯವರನ್ನು ಸೇರಿಸಿಕೊಂಡು ಮಾಡುವ ಚಿಕಿತ್ಸೆಗೆ ಒಳ್ಳೆಯ ಆಧಾರ ಇದೆ, ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ಬೆಳೆದ ವಿಧಾನ ಅದು. ಅವ್ವ, ಅಪ್ಪ ಶತ್ರುಗಳಲ್ಲ. ಎಲ್ಲರಿಗೂ ಒಟ್ಟಿಗೆ ಹೇಳಬೇಕಾಗಿಲ್ಲ, ಬೈಯದೆ ಕೇಳಿಸಿಕೊಳ್ಳುವವರು ಒಬ್ಬರನ್ನು ಆರಿಸಿಕೊಳ್ಳಿ. ಊಟದ ಹೊತ್ತಿನಲ್ಲಿ ಹೇಳಬೇಡಿ. ಬಾಯಲ್ಲಿ ಆಗದಿದ್ದರೆ ವಾಯ್ಸ್ ಮೆಸೇಜ್ ಕಳಿಸಿ.

ಮನೆಯವರಿಗೆ: ತಾಟಿನ ಮುಂದೆ ಕಾವಲು ಕೂತು ಎಣಿಸಬೇಡಿ, ನೀವೂ ಜೊತೆಗೆ ಉಣ್ಣಿ. ಕನ್ಯಾ ನೋಡಲು ಬರುತ್ತಾರೆ, ತೂಕ ಇಳಿಸು ಎಂದು ಹೇಳಿದ್ದರೆ ಆ ಮಾತನ್ನು ಬಾಯಿಬಿಟ್ಟು ವಾಪಸ್ ತೆಗೆದುಕೊಳ್ಳಿ.

ನೋಡಿಕೊಳ್ಳುವವರು ಸುಸ್ತಾದಾಗ, ಯಾರಾದರೂ ಮಾಯವಾದಾಗ

ಎಲ್ಲರ ಕಷ್ಟ ಕೇಳಿ ಕೇಳಿ ನಿಮ್ಮ ಊಟವೇ ಹಳಿ ತಪ್ಪುತ್ತಿದೆ ಅನ್ನಿಸಿದರೆ ಅದು ಹೊರಗೆ ಬರುವ ಸಮಯ. "ಸ್ವಲ್ಪ ದಿನ 'ಮ್ಯೂಟ್' ಮಾಡ್ತೀನಿ, ಆರಾಮಿದ್ದೀನಿ" ಎಂದು ಒಂದು ಸಾಲು ಹಾಕಿ ಹೋಗಿ. ಕಾರಣ ಕೊಡಬೇಕಾಗಿಲ್ಲ. ಅಡ್ಮಿನ್‌ಗಳು ರಾತ್ರಿ ಸರದಿ ಹಂಚಿಕೊಳ್ಳಿ, ಸರದಿ ಇಲ್ಲದ ರಾತ್ರಿ ಫೋನ್ ಬದಿಗಿಡಿ, ಗುಂಪಿನ ಮೇಲೆ 14416 ಪಿನ್ ಆಗಿರಲಿ.

ಹೇಳದೆ ಕೇಳದೆ ಯಾರಾದರೂ ಸುಮ್ಮನಾದರೆ ಅಡ್ಮಿನ್ ಒಬ್ಬರು ಖಾಸಗಿಯಾಗಿ ಮೆಸೇಜ್ ಮಾಡಿ, ಮಾರನೇ ದಿನ ಫೋನ್ ಮಾಡಿ. ಹಿಂದಿನ ಮಾತುಗಳಲ್ಲಿ ಸಾವಿನ ಮಾತೋ ತಲೆಸುತ್ತಿದ ಮಾತೋ ಬಂದಿದ್ದರೆ ಮಾರನೇ ದಿನದ ತನಕ ಕಾಯಬೇಡಿ, ಕೊಟ್ಟಿಟ್ಟ ನಂಬರಿಗೆ ಆಗಲೇ ಫೋನ್ ಮಾಡಿ, ಅಲ್ಲೂ ಎತ್ತದಿದ್ದರೆ 112. ಬಹಳ ಸಲ ರೀಚಾರ್ಜ್ ಮುಗಿದಿರುತ್ತದೆ, ಇಲ್ಲವೇ ಫೋನ್ ಅಣ್ಣನ ಕೈಯಲ್ಲಿರುತ್ತದೆ. ವಾಪಸ್ ಬಂದವರನ್ನು "ಇಷ್ಟು ದಿನ ಎಲ್ಲಿ ಹೋಗಿದ್ದಿ" ಎಂದು ವಿಚಾರಣೆ ಮಾಡಬೇಡಿ, ಇವತ್ತಿನ ಊಟದ ಕರೆ ಎಷ್ಟು ಗಂಟೆಗೆ, ಯಾರ ಜೊತೆ ಎಂದು ತಿಳಿಸಿ.